ನಲವತ್ತೊಂದನೇ ಪುಟದ ದೋಣಿಯವನು

ಟಕಾವೊಕಾ
ಫೆಬ್ರವರಿ ೧೮, ಮಂಗಳವಾರ, ಬೆಳಿಗ್ಗೆ

ಶಿಹೊ, ನನ್ನ ಮಗಳೇ,

ಈ ಕಾಗದವನ್ನು ನಿಂತುಕೊಂಡು ಓದಬೇಡ. ಬಾಗಿಲಲ್ಲೇ ಬೂಟು ಬಿಚ್ಚುತ್ತಾ ಟಪಾಲು ಒಡೆಯುವ ಚಾಳಿ ನಿನಗೆ ಅಮ್ಮನಿಂದ ಬಂದಿದೆ. ಒಳಗೆ ಹೋಗಿ, ಸ್ಟೋವ್ ಹಚ್ಚಿ, ಕೂತು ಓದು. ನಿನ್ನೆ ನಿನಗೆ ಎರಡು ಸಲ ಫೋನ್ ಮಾಡಿದೆನಲ್ಲ, ಎರಡು ಸಲವೂ ನೀನು "ಹೇಳಪ್ಪಾ" ಅನ್ನುತ್ತಿದ್ದ ಹಾಗೆ ನನಗೆ ಹಿಮದ ವಿಷಯ ನೆನಪಾಗಿಬಿಟ್ಟಿತು. ಮೊದಲ ಸಲ ನಮ್ಮ ಚಾವಣಿಯ ಹಿಮ ಜಾರಿ ಬಿದ್ದದ್ದು ಹೇಳಿದೆ, ಎರಡನೇ ಸಲ ಪಕ್ಕದ ಮನೆಯವರದ್ದು. "ಅಪ್ಪ, ಇದನ್ನ ಹೇಳೋಕೆ ಎರಡು ಸಲ ಮಾಡಿದ್ಯಾ? ಇಲ್ಲಿ ನನ್ನ ತಲೆ ಹೋಗೋ ಹಾಗಿದೆ, ನಿಂಗೆ ಪಕ್ಕದ ಮನೆ ಚಾವಣಿ" ಅಂತ ನೀನು ರೇಗಿದೆ. ರೇಗಿದ್ದು ಸರಿಯೇ. ಹೇಳಬೇಕಾಗಿದ್ದದ್ದು ಹಿಮದ ವಿಷಯವಲ್ಲ. ಬಾಯಿಗೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಂಜೆ ಐದರೊಳಗೆ ಅಂಚೆ ಕಚೇರಿಗೆ ಮುಟ್ಟಿಸಿದರೆ ನಾಳೆಯೇ ಕನಜಾವಾಕ್ಕೆ ತಲುಪುತ್ತದಂತೆ.

ಮೊದಲು ನಿನಗೆ ಗೊತ್ತಿರುವುದನ್ನೇ ಒಂದಿಷ್ಟು ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಈಚೆಗೆ ನಾನು ಅರ್ಥ ಮಾಡಿಕೊಂಡದ್ದೆಲ್ಲ ತಪ್ಪಾಗುತ್ತಿದೆ. ಇದಾದರೂ ಸರಿಯಾಗಿ ತಿಳಿದಿದೆಯೇ ಅಂತ ಬರೆದು ನೋಡಿಕೊಳ್ಳಬೇಕು.

ನಿಮ್ಮ ಆಟ ಅಂದರೆ ಐದಾರು ಜನ ಮೇಜಿನ ಸುತ್ತ ಕೂರುವುದು, ಒಬ್ಬರು ಕಥೆ ಹೇಳುತ್ತಾ ಹೋಗುವುದು, ಮಿಕ್ಕವರು ಒಬ್ಬೊಬ್ಬ ಪಾತ್ರವಾಗಿ ಮಾತಾಡುವುದು, ಎಲ್ಲಾದರೂ ಕಷ್ಟ ಬಂದರೆ ಆಯಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುವುದು. ಅದರ ನಿಯಮಗಳನ್ನು ಬರೆದದ್ದು ಅಮೆರಿಕದ ಒಂದು ಸಂಸ್ಥೆ. ನಮ್ಮ ನಿಯಮಗಳ ಮೇಲೆ ಯಾರು ಬೇಕಾದರೂ ತಮ್ಮ ಕಥೆ ಕಟ್ಟಿಕೊಂಡು ಮಾರಿಕೊಳ್ಳಿ ಅಂತ ಅವರು ಕೊಟ್ಟಿರುವುದು ಮುಕ್ತ ಪರವಾನಗಿ. ನಿನ್ನ ಆರು ಪುಸ್ತಕಗಳೂ, ಆ ಪುಸ್ತಕಗಳನ್ನು ನಂಬಿಕೊಂಡು ನಡೆಯುವ ನಿನ್ನ ಆಟದ ಕೋಣೆಯೂ, ಅಮ್ಮನ ಕೊನೆಯ ಕಥೆ 'ಹೊಳೆಯಾಚೆಯ ವೈದ್ಯ'ವೂ ನಿಂತಿರುವುದು ಅದರ ಮೇಲೆ. ಅಮ್ಮ ಹೋದ ಮರುವರ್ಷ ಆ ಸಂಸ್ಥೆಯವರು ಪರವಾನಗಿಗೆ ಹೊಸದೊಂದು ಕಲಮು ಸೇರಿಸಿದರು. ನೀನು ಅದನ್ನು ಸನ್ನಡತೆಯ ಕಲಮು ಅನ್ನುತ್ತೀಯ. ಯಾರಿಗೂ ಕೇಡಾಗುವಂಥದ್ದು, ಯಾರನ್ನೂ ಕೀಳಾಗಿ ಕಾಣುವಂಥದ್ದು, ಅಸಹ್ಯವಾದದ್ದು ಬರೆಯಕೂಡದು, ಹಾಗೆ ನಡೆದುಕೊಳ್ಳಲೂ ಕೂಡದು. ಮೀರಿದರೆ ಪರವಾನಗಿ ರದ್ದು, ಅದೂ ಒಂದು ಪುಸ್ತಕದ್ದಲ್ಲ, ಎಲ್ಲದರದ್ದೂ.

ಈ ತಿಂಗಳು ಹತ್ತನೇ ತಾರೀಕು ಅವರಿಂದ ನಿನಗೆ ನೋಟಿಸು ಬಂತು. 'ಹೊಳೆಯಾಚೆಯ ವೈದ್ಯ' ಎಳೆಯರಿಗೆ ತಾರತಮ್ಯ ಕಲಿಸುವುದಕ್ಕೆಂದೇ ಬರೆದ ಪುಸ್ತಕ ಅಂತ ಲೇಖಕಿಗೆ ಹತ್ತಿರದವರೊಬ್ಬರಿಂದ ತಿಳಿದಿದೆಯಂತೆ. ಅದರಲ್ಲೂ ನಲವತ್ತೊಂದನೇ ಪುಟವಂತೆ. ಹದಿನಾಲ್ಕು ದಿನದಲ್ಲಿ ಆ ಪುಟ ತೆಗೆಯಿರಿ, ಇಲ್ಲವಾದರೆ ತಕ್ಕ ಸಮಜಾಯಿಷಿ ಕೊಡಿ, ಎರಡೂ ಆಗದಿದ್ದರೆ ಎಲ್ಲ ಪುಸ್ತಕಗಳನ್ನೂ ಹಿಂದಕ್ಕೆ ಪಡೆಯಿರಿ. ಹದಿನಾಲ್ಕನೇ ದಿನ ಬರುವ ಸೋಮವಾರ.

ನೀನು ಆ ನೋಟಿಸಿನಲ್ಲಿ "ಹತ್ತಿರದವರೊಬ್ಬರು" ಅನ್ನುವ ಮಾತನ್ನೇ ಹಿಡಿದುಕೊಂಡೆ. ರಿತ್ಸುಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಅಂದೆ. ಏಳನೇ ತರಗತಿಯಿಂದ ನಿನ್ನ ಜೊತೆ ಊಟದ ಡಬ್ಬಿ ಹಂಚಿಕೊಂಡವಳು. ಹಗಲೆಲ್ಲ ಪ್ರಯೋಗಾಲಯದಲ್ಲಿ ಯಾರದೋ ಕಟ್ಟುಹಲ್ಲು ಕೆತ್ತಿ, ರಜೆಯ ದಿನಗಳಲ್ಲಿ ನಿನ್ನ ಆರು ಪುಸ್ತಕಗಳಿಗೂ ನಕ್ಷೆ ಬರೆದುಕೊಟ್ಟವಳು. ಆಮೇಲೆ ನನಗೆ ಫೋನ್ ಮಾಡಿ, "ಆಸ್ಪತ್ರೇಲಿ ಅಮ್ಮನ ಹಾಸಿಗೆ ಪಕ್ಕ ಕೂತ್ಕೊಂಡು ಈ ಪುಟ ಬೇಡ ಅಂತ ಜಗಳ ಆಡಿದ್ದು ಅವಳೊಬ್ಬಳೇ ಅಪ್ಪ. ಇನ್ಯಾರು ಹೇಳಿರ್ತಾರೆ?" ಅಂತ ಕೇಳಿದೆ. ನಾನೇನಂದೆ ನೆನಪಿದೆಯಾ? "ಇರಬಹುದು" ಅಂದೆ.

ಎಂಟು ದಿನದಿಂದ ಆ ಒಂದು ಮಾತು ನನ್ನನ್ನು ಕೂರಲು ಬಿಡುತ್ತಿಲ್ಲ. ಹಲ್ಲುಜ್ಜುವಾಗ ನೆನಪಾಗುತ್ತದೆ, ಅಮ್ಮನ ಫೋಟೋದ ಮುಂದೆ ಅನ್ನ ಇಡುವಾಗ ನೆನಪಾಗುತ್ತದೆ. ಹೇಳಿದ್ದು ರಿತ್ಸು ಅಲ್ಲ, ಶಿಹೊ. ನಾನು.

ಉಸಿರು ಬಿಡು. ಬೈಯುವುದಕ್ಕೆ ಮುಂಚೆ ಪೂರ್ತಿ ಓದು.

ನನ್ನ ಇಂಗ್ಲಿಷಿನ ಕಥೆ ನಿನಗೆ ಗೊತ್ತು. ಕಾಲೇಜಿನಲ್ಲಿ ನಾಲ್ಕು ವರ್ಷ ಇಂಗ್ಲಿಷ್ ವಿಭಾಗ. ಆಮೇಲೆ ಎರಕದ ಕಾರ್ಖಾನೆಯ ಕಚೇರಿಯಲ್ಲಿ ಮೂವತ್ತೆಂಟು ವರ್ಷ, ಪೂಜೆಯ ಗಂಟೆಗಳ ಲೆಕ್ಕ. ಅಷ್ಟು ವರ್ಷದಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ನಾಲ್ಕು ಕಾಗದ. ನಾಲ್ಕರಲ್ಲೂ ತಮ್ಮ ಕೃಪಾಪತ್ರ ತಲುಪಿತು, ಗಂಟೆಗಳನ್ನು ಹಡಗಿಗೆ ಹಾಕಿದ್ದೇವೆ ಅನ್ನುವುದು ಬಿಟ್ಟರೆ ಬೇರೇನಿಲ್ಲ. ಆದರೂ ಮನೆಯಲ್ಲಿ ಇಂಗ್ಲಿಷ್ ಬಲ್ಲವನು ಅಂದರೆ ನಾನೇ. ಅಮ್ಮ ತಮಾಷೆಗೆ "ನಮ್ಮನೆ ಲಾರ್ಡು" ಅನ್ನುತ್ತಿದ್ದಳು. ಟೀವಿಯಲ್ಲಿ ಯಾರಾದರೂ ಬಿಳಿಯರು ಮಾತಾಡಿದರೆ, "ಏನಂದ್ರು ರೀ?" ಅಂತ ಕೇಳುವಳು. ನಾನು ಕೆಳಗೆ ನಮ್ಮ ಭಾಷೆಯಲ್ಲಿ ಬರುವ ಅಕ್ಷರಗಳನ್ನು ಓದಿ ಹೇಳುತ್ತಿದ್ದೆ. ಅವಳಿಗೂ ಆ ಅಕ್ಷರಗಳು ಕಾಣುತ್ತಿದ್ದವು ಅಂತ ನನಗೆ ಹೊಳೆಯಲು ವರ್ಷಗಳೇ ಬೇಕಾದವು.

ಹೊಸ ಪರವಾನಗಿ ಬಂದಾಗ ನೀನು ಅದನ್ನು ಯಂತ್ರದಿಂದ ಅನುವಾದ ಮಾಡಿಸಿ ನನಗೆ ಕಳಿಸಿದೆ. "ಅಪ್ಪ, ನೀನೊಂದ್ಸಲ ಕಣ್ಣಾಡಿಸು, ಯಂತ್ರಕ್ಕೇನು ಗೊತ್ತಾಗುತ್ತೆ" ಅಂದೆ. ಅಮ್ಮ ಹೋಗಿ ಏಳು ತಿಂಗಳಾಗಿತ್ತು. ಸುಮ್ಮನೆ ಕೂತಿದ್ದಾನೆ, ಕೈಗೊಂದು ಕೆಲಸ ಇರಲಿ ಅಂತ ಕೊಟ್ಟೆ ಅನ್ನುವುದು ಈಗ ತಿಳಿಯುತ್ತದೆ. ಆಗ ನಾನು ಮಾತ್ರ ಹಿಗ್ಗಿಹೋದೆ. ಅಟ್ಟದಿಂದ ಕಾಲೇಜಿನ ಕೆಂಪು ಪದಕೋಶ ಇಳಿಸಿದೆ. ಮೂರು ದಿನ ಕನ್ನಡಕ ತೆಗೆಯಲಿಲ್ಲ.

ಆ ಕಲಮಿನ ಕೊನೆಯಲ್ಲಿ, ತಪ್ಪೋ ಸರಿಯೋ ಅನ್ನುವುದನ್ನು ಸಂಸ್ಥೆಯೊಂದೇ ತನ್ನ ಇಷ್ಟದಂತೆ ತೀರ್ಮಾನಿಸುತ್ತದೆ ಅಂತ ಯಂತ್ರ ಬರೆದಿತ್ತು. ನನಗೆ ನಗು ಬಂತು. ಒಂದು ದೊಡ್ಡ ಸಂಸ್ಥೆ ಇಷ್ಟ ಬಂದಂತೆ ತೀರ್ಮಾನಿಸುತ್ತೇವೆ ಅಂತ ಬರೆದುಕೊಡುತ್ತದೆಯೇ, ಅಷ್ಟೂ ನಾಚಿಕೆ ಇಲ್ಲದೆ? ಮೂಲದಲ್ಲಿ ನೋಡಿದೆ. ಡಿಸ್ಕ್ರೀಷನ್ ಅಂತ ಇತ್ತು. ಪದಕೋಶದಲ್ಲಿ ಅದರ ಎದುರಿಗೆ ವಿವೇಕ, ವಿವೇಚನೆ, ಹಿಂದುಮುಂದು ನೋಡಿ ನಡೆಯುವ ಗುಣ ಅಂತ ಇದೆ. ಪಕ್ಕದಲ್ಲಿ ನಾನೇ ಪೆನ್ಸಿಲಿನಲ್ಲಿ ಪರೀಕ್ಷೆಗೆ ಖಂಡಿತ ಅಂತ ಬರೆದುಕೊಂಡಿದ್ದೆ. ಅದಕ್ಕೇ ಯಂತ್ರ ಬರೆದದ್ದನ್ನು ಹೊಡೆದುಹಾಕಿ, ಸಂಸ್ಥೆಯು ತನ್ನ ಪೂರ್ಣ ವಿವೇಕದಿಂದ ತೀರ್ಮಾನಿಸುತ್ತದೆ ಅಂತ ತಿದ್ದಿದೆ. "ನೋಡು, ವಿವೇಕ ಇರೋ ಜನ, ಹೆದರೋ ಕಾರಣ ಇಲ್ಲ" ಅಂತ ನಿನಗೆ ಫೋನಿನಲ್ಲಿ ಪಾಠ ಬೇರೆ ಹೇಳಿದೆ. ನೀನು ಒಪ್ಪಿಗೆ ಒತ್ತಿದೆ. ಒಪ್ಪದಿದ್ದರೂ ಬೇರೆ ದಾರಿ ಇರಲಿಲ್ಲ ಅಂತ ಆಮೇಲೆ ನೀನೇ ಅಂದಿದ್ದೀಯ. ಅಷ್ಟರ ಮಟ್ಟಿಗೆ ನಾನು ಬಚಾವು.

ಎರಡನೆಯದ್ದರಲ್ಲಿ ಬಚಾವಿಲ್ಲ.

ಕಳೆದ ನವೆಂಬರಿನಲ್ಲಿ ಅಮ್ಮನ ಎರಡನೇ ವರ್ಷದ ಪೂಜೆ ಆಯಿತಲ್ಲ, ಅದೇ ವಾರ ಪುಸ್ತಕ ಅಚ್ಚಾಗಿ ಬಂತು. ಪೊಟ್ಟಣ ಕಟ್ಟುವ ಕೆಲಸ ನನ್ನದು. ಕಟ್ಟುತ್ತಾ ಕಟ್ಟುತ್ತಾ ಓದಿದೆ. ನಿಜ ಹೇಳುತ್ತೇನೆ, ಅಲ್ಲಿಯವರೆಗೆ ಅಮ್ಮನ ಕಥೆ ಒಂದನ್ನೂ ನಾನು ಓದಿರಲಿಲ್ಲ. ನೀವೆಲ್ಲ ಪಡಸಾಲೆಯಲ್ಲಿ ಕೂತು ಆಡುವಾಗ ನಾನು ಪಕ್ಕದ ಕೋಣೆಯಲ್ಲಿ ಸುಮೊ ಕುಸ್ತಿ ನೋಡುತ್ತಿದ್ದೆ. ಗೋಡೆಯ ಆಚೆಯಿಂದ ಅವಳ ದನಿ ಕೇಳುತ್ತಿತ್ತು. ಮದುವೆಗೆ ಮುಂಚೆ ಪ್ರವಾಸದ ಬಸ್ಸಿನಲ್ಲಿ ನಿಂತು ಎಡಕ್ಕೆ ನೋಡಿ, ಬಲಕ್ಕೆ ನೋಡಿ ಅಂತ ಜನಕ್ಕೆ ಊರು ತೋರಿಸುತ್ತಿದ್ದ ದನಿ. ಐವತ್ತು ದಾಟಿದ ಮೇಲೆ ನಿನ್ನ ಗೆಳತಿಯರ ನಡುವೆ ಕೂತು ಇಲ್ಲದ ಊರುಗಳನ್ನು ತೋರಿಸತೊಡಗಿದಳು. "ಎಡಕ್ಕೆ ನೋಡಿ, ಸೇತುವೆ ಮುರಿದಿದೆ. ಈಗ ಏನ್ಮಾಡ್ತೀರಿ?" ನಾನು ಟೀವಿಯ ಸದ್ದು ಹೆಚ್ಚು ಮಾಡುತ್ತಿದ್ದೆ.

ಪುಸ್ತಕ ಓದಿದ ಮೇಲೆ ಆ ಸಂಸ್ಥೆಗೆ ಒಂದು ಕಾಗದ ಬರೆಯಬೇಕು ಅನ್ನಿಸಿತು. ನಿಮ್ಮ ನಿಯಮಗಳಿಂದ ನನ್ನ ಹೆಂಡತಿ ಇಂಥದ್ದೊಂದು ಬರೆದಳು, ಉಪಕಾರವಾಯಿತು ಅಂತ. ಜನವರಿ ಒಂಬತ್ತರಂದು, ನನ್ನ ಇ-ಮೇಲ್ ವಿಳಾಸದಿಂದಲೇ ಬರೆದೆ. ನಿನಗೆ ಹೇಳಲಿಲ್ಲ. ಹೇಳಿದರೆ ನೀನು ತಿದ್ದುತ್ತಿದ್ದೆ, ನನಗೆ ತಿದ್ದಿಸಿಕೊಳ್ಳಲು ಇಷ್ಟವಿರಲಿಲ್ಲ. ಅಮ್ಮನನ್ನು ಹೊಗಳುವುದಕ್ಕೆ ಒಂದು ತೂಕದ ಪದ ಬೇಕಾಗಿತ್ತು. ಬುದ್ಧಿವಂತೆ ಅಂದರೆ ಸಾಲದು, ಒಳ್ಳೆಯವಳು ಅಂದರೆ ಮಕ್ಕಳ ಮಾತಾಯಿತು. ಪದಕೋಶ ತೆರೆದೆ. ಮತ್ತೆ ಅದೇ ಪುಟ, ಡಿಸ್ಕ್ರೀಷನ್ನಿನ ಎರಡೇ ಸಾಲು ಕೆಳಗೆ, ಡಿಸ್ಕ್ರಿಮಿನೇಷನ್. ಎದುರಿಗೆ ತಾರತಮ್ಯ ಜ್ಞಾನ, ಒಳ್ಳೆಯದು ಕೆಟ್ಟದ್ದರ ವ್ಯತ್ಯಾಸ ಬಲ್ಲ ಸೂಕ್ಷ್ಮತೆ ಅಂತ ಇತ್ತು. ಅಮ್ಮನಿಗೆ ಹೇಳಿ ಮಾಡಿಸಿದ ಪದ ಅನ್ನಿಸಿತು.

ಬರೆದೆ. ನನ್ನ ಹೆಂಡತಿ ಬಹಳ ಡಿಸ್ಕ್ರಿಮಿನೇಷನ್ ಇದ್ದ ಹೆಂಗಸು. ಜೀವನಪೂರ್ತಿ ಡಿಸ್ಕ್ರಿಮಿನೇಷನ್ ಮಾಡಿದಳು. ಈ ಪುಸ್ತಕದ ಮೂಲಕ ಎಳೆಯರಿಗೂ ಅದನ್ನೇ ಕಲಿಸುತ್ತಿದ್ದಾಳೆ. ತಮ್ಮ ಸಂಸ್ಥೆ ಇದನ್ನು ಲೋಕದ ಉದ್ದಗಲಕ್ಕೂ ಹರಡಲಿ ಎಂದು ಹಾರೈಸುತ್ತೇನೆ. ಇಂತಿ, ಆಕೆಯ ಗಂಡ.

ಅಲ್ಲಿಯವರು ಓದಿಕೊಂಡದ್ದು ಜ್ಞಾನ ಬಿಟ್ಟ ಬರೀ ತಾರತಮ್ಯ. ಕೆಲವರನ್ನು ಮೇಲೆ ಕೂರಿಸಿ ಕೆಲವರನ್ನು ಕೆಳಗೆ ತಳ್ಳುವುದು. ಆ ಪದ ಆ ಊರಿನಲ್ಲಿ ಹಾಗೆ ತಿರುಗಿ ಎಷ್ಟು ವರ್ಷವಾಯಿತೋ, ನನ್ನ ಕೆಂಪು ಪುಸ್ತಕಕ್ಕೆ ಯಾರೂ ಹೇಳಿಲ್ಲ. ಸನ್ನಡತೆಯ ಕಲಮು ಕಾಯುವ ಮೇಜಿನ ಮುಂದೆ ಕೂತ ಯಾವಳೋ ಹುಡುಗಿ ಬೆಳಗಿನ ಕಾಫಿ ಕುಡಿಯುತ್ತಾ ಇದನ್ನು ಓದಿರಬೇಕು. ಜೀವನಪೂರ್ತಿ ಜನರನ್ನು ಕೀಳಾಗಿ ಕಂಡಳು, ಎಳೆಯರಿಗೂ ಅದನ್ನೇ ಕಲಿಸುತ್ತಾಳೆ, ದಯವಿಟ್ಟು ಹರಡಿ. ಅವಳನ್ನು ನಾನು ಬೈಯಲಾರೆ. ನಾನೇ ಆ ಮೇಜಿನಲ್ಲಿದ್ದರೆ ನೋಟಿಸು ಕಳಿಸುತ್ತಿದ್ದೆ.

ನೀನು ನೋಟಿಸಿನ ಪ್ರತಿ ನನಗೆ ಕಳಿಸಿದಾಗ ಮೊದಲ ಸಾಲಿನಲ್ಲೇ ನಾನು ನನ್ನ ಪದವನ್ನು ಗುರುತು ಹಿಡಿದೆ. ಹಿಡಿದೂ "ಇರಬಹುದು" ಅಂದೆ.

ಮೊನ್ನೆ ಭಾನುವಾರ ರಿತ್ಸು ಬಂದಿದ್ದಳು. ನಿನಗೆ ಗೊತ್ತಿಲ್ಲ. ನಿಮ್ಮ ಪುಸ್ತಕಗಳನ್ನಿಡುವ ಗೋದಾಮಿನ ಬೀಗದ ಕೈ, ಉಳಿದಿದ್ದ ನಕ್ಷೆಗಳ ಕಟ್ಟು, ಅಮ್ಮ ಅವಳಿಗೆ ಕೊಟ್ಟಿದ್ದ ಹಳೆಯ ಶಾಲು, ಎಲ್ಲವನ್ನೂ ಒಂದು ಡಬ್ಬದಲ್ಲಿ ತುಂಬಿಕೊಂಡು ಬಂದು ಬಾಗಿಲಲ್ಲೇ ಇಟ್ಟಳು. "ಇದನ್ನ ಶಿಹೊಗೆ ಕೊಡಿ ಮಾಮ. ನಾನು ಒಳಗೆ ಬರಲ್ಲ" ಅಂದಳು. ಮೂಗು ಕೆಂಪಾಗಿತ್ತು, ಚಳಿಗೋ ಏನೋ. ನಾನು ಬಿಡಲಿಲ್ಲ. ಕೆಳಗೆ ಹೀಟರ್ ಇರುವ ಬಿಸಿಮೇಜಿನ ಹೊದಿಕೆಯೊಳಗೆ ಕಾಲಿಟ್ಟುಕೊಳ್ಳಲು ಹೇಳಿದೆ. ಚಹಾ ಕೊಟ್ಟೆ. ಮೀನು-ಮೂಲಂಗಿ ಬೇಯಿಸಿದ್ದೆ, ಅದನ್ನೂ ಕೊಟ್ಟೆ. "ಉಪ್ಪು ಜಾಸ್ತಿ" ಅಂದಳು. ಅಂದೂ ಎರಡು ಸಲ ಹಾಕಿಸಿಕೊಂಡಳು. ಮೊದಲ ಒಂದು ಗಂಟೆ ನಾನು ಹೇಳಲೇ ಇಲ್ಲ. ಎದುರಿಗೆ ಕೂತು ಅವಳ ಸಂಕಟ ನೋಡುತ್ತಾ ಮೂಲಂಗಿಯ ವಿಷಯ ಮಾತಾಡಿದೆ.

ಕೊನೆಗೆ ಅವಳೇ ಶುರು ಮಾಡಿದಳು. "ಮಾಮ, ನಾನು ಆ ಪುಟ ಬೇಡ ಅಂದಿದ್ದು ನಿಜ. ಆಸ್ಪತ್ರೇಲಿ ಸಚಿಯೊ ಅತ್ತೆ ಮುಖಕ್ಕೇ ಅಂದಿದ್ದೆ, ಬೆನ್ನ ಹಿಂದೆ ಅಲ್ಲ. ನಾನು ಯಾರಿಗಾದ್ರೂ ದೂರು ಬರೆಯೋಳ ಥರ ಕಾಣ್ತೀನಾ?" ಅಂತ ಕೇಳಿದಳು. ಆಗ ಹೇಳಿದೆ. ಪದಕೋಶ ತಂದು ಆ ಪುಟ ತೋರಿಸಿದೆ. ನಾನು ಕಳಿಸಿದ ಇ-ಮೇಲನ್ನೂ ಫೋನಿನಲ್ಲಿ ತೆಗೆದು ಮೊದಲ ಪರದೆಯಷ್ಟು ತೋರಿಸಿದೆ.

ಅವಳು ಓದಿದಳು. ಮೊದಲಿನಿಂದ ಇನ್ನೊಂದು ಸಲ ಓದಿದಳು. ಆಮೇಲೆ ನಗಲು ಶುರು ಮಾಡಿದಳು ನೋಡು, ಹೊದಿಕೆಯ ಮೇಲೆ ಬಿದ್ದು ಬಿದ್ದು ನಕ್ಕಳು. "ಜೀವನಪೂರ್ತಿ ಡಿಸ್ಕ್ರಿಮಿನೇಷನ್ ಮಾಡಿದಳು! ಅಯ್ಯೋ ಮಾಮ, ಅತ್ತೆ ಕೇಳಿದ್ರೆ ಎದ್ದು ಬಂದು ನಿಮ್ಮ ಕಿವಿ ಹಿಂಡ್ತಿದ್ರು." ನಾನೂ ನಕ್ಕೆ. ಅಷ್ಟರಲ್ಲಿ ಅವಳ ನಗು ನಿಂತುಹೋಗಿತ್ತು. "ಒಂದು ವಾರ," ಅಂದಳು. "ಒಂದು ವಾರ ನಾನು ಊಟ ಬಿಟ್ಟಿದ್ದೀನಿ ಮಾಮ. ಗುರುವಾರ ಒಬ್ಬ ಅಜ್ಜನ ಹಲ್ಲಿನ ಸೆಟ್ಟು ತಲೆಕೆಳಗಾಗಿ ಮಾಡಿ ಬೈಸಿಕೊಂಡೆ. ನಿಮಗೆ ಸೋಮವಾರದಿಂದ್ಲೂ ಗೊತ್ತಿತ್ತು." ನಾನು ತಲೆ ಬಗ್ಗಿಸಿ, ಕೈ ಊರಿ ಕ್ಷಮೆ ಕೇಳಿದೆ. "ನನಗೆ ಬೇಡ, ಶಿಹೊಗೆ ಹೇಳಿ," ಅಂದಳು. "ನಾನು ಹೇಳಲ್ಲ. ನಾನು ಹೇಳಿದ್ರೆ ಅದು ಚಾಡಿ ಆಗುತ್ತೆ, ಈಗಾಗ್ಲೇ ಆ ಹೆಸರು ಬಂದಿದೆ."

ಹೋಗುವ ಮುಂಚೆ ಒಂದು ಉಪಕಾರ ಮಾಡಿದಳು. ಸಂಸ್ಥೆಗೆ ಕೊಡುವ ಸಮಜಾಯಿಷಿಯನ್ನು ನನ್ನ ಬಾಯಿಂದ ಹೇಳಿಸಿ ಅವಳೇ ಇಂಗ್ಲಿಷ್ ಮಾಡಿ ಬರೆದಳು: ಬರೆದವನು ಅರವತ್ತಾರು ವರ್ಷದ ಗಂಡ, ಪದಕೋಶ ಹಳೆಯದು, ಹೇಳಬೇಕಾಗಿದ್ದದ್ದು ಇದು. ನಾನು ಸಹಿ ಮಾಡಿದ್ದೇನೆ. ಇದರ ಜೊತೆ ಇಟ್ಟಿದ್ದೇನೆ, ನೋಡಿ ಕಳಿಸು. ಅವಳ ಬೀಗದ ಕೈ ಇಲ್ಲೇ ಇದೆ, ಅದನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ನೀನೇ ಅವಳ ಮನೆಗೆ ಹೋಗಿ ಕೊಡಬೇಕು.

ಇನ್ನು ನಲವತ್ತೊಂದನೇ ಪುಟದ ವಿಷಯ. ರಿತ್ಸು ಕಿತ್ತಳೆ ಸುಲಿಯುತ್ತಾ, "ಅದ್ಸರಿ ಮಾಮ, ಪುಸ್ತಕ ನಮ್ಮ ಭಾಷೇಲಿದೆ. ಅಮೆರಿಕದಲ್ಲಿ ಕೂತವರು ಸರಿಯಾಗಿ ಆ ಪುಟಕ್ಕೇ ಹೇಗೆ ಬಂದ್ರು?" ಅಂತ ಕೇಳಿದಳು. ಯಂತ್ರದ ಕೈಲಿ ಓದಿಸಿರಬೇಕು ಅಂದೆ. "ಹೂಂ" ಅಂದು ಅರ್ಧ ಕಿತ್ತಳೆ ನನಗೆ ಕೊಟ್ಟಳು.

ನನ್ನ ಮಾತು ಕೇಳು, ಶಿಹೊ. ಆ ಪುಟ ತೆಗೆದುಬಿಡು. ನೀನು ಅದಕ್ಕೆ ಒಪ್ಪುತ್ತಿಲ್ಲ ಅಂತ ಗೊತ್ತು, ಅದು ಅಮ್ಮ ಬರೆದದ್ದರಲ್ಲೇ ಒಳ್ಳೆಯ ಪುಟ ಅನ್ನುತ್ತೀಯ. ನನಗೇನೋ ಹಾಗೆ ಕಾಣುವುದಿಲ್ಲ. ಹಿಮ ಕವಿದ ಊರು, ದೋಣಿಯವನ ಹೆಂಡತಿಗೆ ಕಾಯಿಲೆ, ವೈದ್ಯನಿರುವುದು ಹೊಳೆಯ ಆಚೆ. ಆಡುವವರು ದೋಣಿಯವನನ್ನು ಎಬ್ಬಿಸಬೇಕು. ಬೇಡಿಕೊಂಡರೂ ಗದರಿಸಿದರೂ ಅವನು ಒಲೆಯ ಮುಂದಿನಿಂದ ಅಲ್ಲಾಡುವುದಿಲ್ಲ. ದಾಳದಲ್ಲಿ ಯಾವ ಸಂಖ್ಯೆ ಬಿದ್ದರೂ ಅವನು ಏಳುವುದಿಲ್ಲ ಅಂತ ಅಮ್ಮ ನಿಯಮವನ್ನೇ ಬರೆದಿಟ್ಟಿದ್ದಾಳೆ. ದಾಳ ಇರುವ ಆಟದಲ್ಲಿ ಅದು ನ್ಯಾಯವೇ? ರಿತ್ಸು ಜಗಳವಾಡಿದ್ದೂ ಅದಕ್ಕೇ ತಾನೇ? ಅರವತ್ತು ಪುಟದ ಪುಸ್ತಕದಲ್ಲಿ ಒಂದು ಪುಟ. ಅದಕ್ಕಾಗಿ ಆರು ಪುಸ್ತಕಗಳನ್ನೂ ಕೋಣೆಯನ್ನೂ ಪಣಕ್ಕಿಡುವುದು ಬೇಡ. ಅಮ್ಮ ಇದ್ದಿದ್ದರೂ ಮಗಳ ಅನ್ನ ಮುಖ್ಯ ಅನ್ನುತ್ತಿದ್ದಳು. ದೋಣಿಯವನಿಗೆ ಜ್ವರ ಬಂದಿತ್ತು ಅಂತಲೋ, ಅವನು ಊರಲ್ಲಿ ಇರಲಿಲ್ಲ ಅಂತಲೋ ಮಾಡಿದರೆ ಕಥೆಗೇನೂ ಕುಂದಿಲ್ಲ. ಇದನ್ನು ಬುದ್ಧಿವಾದ ಅಂದುಕೋ.

ಸೊಂಟದ ಪಟ್ಟಿ ಕಟ್ಟಿಕೊಳ್ಳದೆ ಹಿಮ ಎತ್ತಬೇಡ. ನನ್ನ ಮೇಲೆ ಎಷ್ಟು ಸಿಟ್ಟು ಬಂದರೂ ರಿತ್ಸುಗೆ ಇವತ್ತೇ ಫೋನ್ ಮಾಡು.

ನಿನ್ನ ತಪ್ಪಿತಸ್ಥ ಅಪ್ಪ,
ಕನಮೋರಿ ಯೊಶಿಹಾರು

ಮರೆತ ಮಾತು: ಮರೆತದ್ದಲ್ಲ. ಮಧ್ಯಾಹ್ನ ಮೂರು ಗಂಟೆ ಈಗ. ಲಕೋಟೆ ಅಂಟಿಸಿ, ಬೂಟು ಹಾಕಿಕೊಂಡು ಬಾಗಿಲ ತನಕ ಹೋಗಿ ವಾಪಸು ಬಂದೆ. ಮೇಲಿನದ್ದನ್ನು ಹರಿದುಹಾಕಿ ಹೊಸದಾಗಿ ಬರೆಯಬಹುದಿತ್ತು. ಹಾಗೆ ಮಾಡಿದರೆ ಅದರಲ್ಲಿರುವ ಸುಳ್ಳು ನಿನಗೆ ಕಾಣುವುದಿಲ್ಲ. ಅದೂ ಕಾಣಲಿ.

ಅವರನ್ನು ನಲವತ್ತೊಂದನೇ ಪುಟಕ್ಕೆ ಕರೆದುಕೊಂಡು ಹೋದವನು ನಾನು. ರಿತ್ಸುಗೆ ಆ ಇ-ಮೇಲಿನ ಮೊದಲ ಪರದೆ ಮಾತ್ರ ತೋರಿಸಿದೆ, ಬೆರಳು ಅಡ್ಡ ಇಟ್ಟುಕೊಂಡಿದ್ದೆ. ಅದರ ಕೆಳಗೆ ಇನ್ನೂ ನಾಲ್ಕು ಸಾಲು ಇದ್ದವು. ಈ ಪುಸ್ತಕದ ನಲವತ್ತೊಂದನೇ ಪುಟದಲ್ಲಿ ಒಬ್ಬ ಗಂಡನನ್ನು ಬಹಳ ಕ್ರೂರಿಯಾಗಿ ತೋರಿಸಿದೆ. ಕಾಯಿಲೆಯ ಹೆಂಡತಿಯನ್ನು ಅವನು ಸಾಯಲು ಬಿಡುತ್ತಾನೆ. ತಮ್ಮ ಸನ್ನಡತೆಯ ಕಲಮಿನ ಪ್ರಕಾರ ಇದು ಸರಿಯೇ? ಆ ಪುಟ ತೆಗೆಯುವಂತೆ ದಯವಿಟ್ಟು ನನ್ನ ಮಗಳಿಗೆ ಹೇಳಿ. ಆ ನಾಲ್ಕು ಸಾಲಿನಲ್ಲಿ ಒಂದು ಪದವೂ ತಪ್ಪಿರಲಿಲ್ಲ. ಹೊಗಳಿಕೆಯೆಲ್ಲ ಇದನ್ನು ಕೇಳುವುದಕ್ಕೆ ಹಾಕಿದ ಪೀಠಿಕೆ.

ದೋಣಿಯವನು ಒಲೆಯ ಮುಂದೆ ಕೂತು ಹೇಳುವ ಮಾತು ನಿನಗೆ ಬಾಯಿಪಾಠ ಇರಬೇಕು. "ಊಟ ಆಗ್ಲಿ, ನೋಡೋಣ." ಅದನ್ನು ಅಮ್ಮ ಕಲ್ಪಿಸಿಕೊಂಡು ಬರೆದದ್ದಲ್ಲ. ಅವಳು ತೀರಿಕೊಂಡ ವರ್ಷ ಜನವರಿಯಲ್ಲಿ ಅಡುಗೆಮನೆಯ ಕಟ್ಟೆ ಹಿಡಿದು ನಿಂತು, "ಬೆನ್ನು ಯಾಕೋ ಬಿಡ್ತಾನೇ ಇಲ್ಲ ರೀ, ಒಂದ್ಸಲ ಡಾಕ್ಟ್ರ ಹತ್ರ ಬಿಡ್ತೀರಾ?" ಅಂದಳು. ಊರೂರು ಬಸ್ಸಿನಲ್ಲಿ ತಿರುಗಿದವಳು, ಕಾರು ಓಡಿಸಲು ಮಾತ್ರ ಕಲಿತಿರಲಿಲ್ಲ. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಕುಸ್ತಿ ಶುರುವಾಗುವ ಹೊತ್ತು. ನಾನು ಆ ಮಾತು ಅಂದೆ. ಒಂದು ಸಲ ಅಲ್ಲ, ಫೆಬ್ರವರಿಯಲ್ಲೂ ಅಂದೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಆಗಸ್ಟಿನಲ್ಲಿ ಬಸ್ಸು ಹಿಡಿದು ಒಬ್ಬಳೇ ಆಸ್ಪತ್ರೆಗೆ ಹೋಗಿ ಬಂದು, ಕಾಯಿಲೆಯ ಹೆಸರು ಬರೆದಿದ್ದ ಚೀಟಿಯನ್ನು ಮೇಜಿನ ಮೇಲೆ ಇಟ್ಟಳು. ಮೊದಲೇ ಬಂದಿದ್ದರೂ ಹೆಚ್ಚು ವ್ಯತ್ಯಾಸ ಆಗುತ್ತಿರಲಿಲ್ಲವೇನೋ ಅಂದರು ಡಾಕ್ಟರು. ಆ ಕೊನೆಯ "ಏನೋ"ವನ್ನು ನಾನು ನಿನಗೆ ಯಾವತ್ತೂ ಹೇಳಿಲ್ಲ, ವ್ಯತ್ಯಾಸ ಆಗುತ್ತಿರಲಿಲ್ಲ ಅಂತಷ್ಟೇ ಹೇಳಿದ್ದೆ.

ನವೆಂಬರಿನಲ್ಲಿ ಪೊಟ್ಟಣ ಕಟ್ಟುತ್ತಾ ಆ ಸಾಲಿಗೆ ಬಂದಾಗ ಕೈಯಲ್ಲಿದ್ದ ಟೇಪು ಬಿದ್ದುಹೋಯಿತು. ಅವಳು ನನ್ನನ್ನು ಬೈಯಲೇ ಇಲ್ಲ ಅಂತ ನಾನು ಎರಡು ವರ್ಷ ನೆಮ್ಮದಿಯಾಗಿದ್ದೆ. ಆಸ್ಪತ್ರೆಯಲ್ಲಿ ನೀನು, ರಿತ್ಸು, ಅಮ್ಮ ಮೂವರೂ ಆ ಕಥೆ ಆಡಿದಿರಲ್ಲ, ನಾನು ಕೆಳಗೆ ಚಹಾ ತರಲು ಹೋಗಿದ್ದೆ. ವಾಪಸು ಬಂದಾಗ ಅವಳು ನಿಮಗೆ, "ದಾಳ ಎಷ್ಟು ಹಾಕಿದ್ರೂ ಅವನು ಏಳಲ್ಲ ಕಣ್ರೇ, ನೀವೇ ಹುಟ್ಟು ಹಾಕಿ" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದಿರಿ. ನನಗೂ ನಗು ಬಂತು, ಯಾಕೆ ಅಂತ ಗೊತ್ತಿಲ್ಲದೆ.

ಪುಟ ತೆಗೆಯಬೇಡ, ಶಿಹೊ. ಮೇಲೆ ಬರೆದ ಬುದ್ಧಿವಾದವನ್ನು ಹೊಡೆದುಹಾಕು. ಅವನಿಗೆ ಜ್ವರ ಬಂದಿರಲಿಲ್ಲ, ಅವನು ಊರಲ್ಲೇ ಇದ್ದ.

ತೆಗೆಯದೆ ಇದ್ದರೆ ಸೋಮವಾರ ಏನಾಗುತ್ತದೋ ನನಗೆ ಗೊತ್ತಿಲ್ಲ. ಅವರಿಗೆ ಇಷ್ಟ ಬಂದ ಹಾಗೆ ಅವರು ಮಾಡುತ್ತಾರೆ ಅಂತ ಈಗ ಚೆನ್ನಾಗಿ ತಿಳಿದಿದೆ. ಅದಕ್ಕೇ ಇನ್ನೊಂದು ಹಾಳೆ ಇಟ್ಟಿದ್ದೇನೆ. ಇದನ್ನು ರಿತ್ಸು ನೋಡಿಲ್ಲ, ನಾನೊಬ್ಬನೇ ಬರೆದದ್ದು. ತಿದ್ದಬೇಕಾದರೆ ತಿದ್ದು, ಈ ಸಲ ತಿದ್ದಿಸಿಕೊಳ್ಳುತ್ತೇನೆ. ಕಳಿಸುವುದೋ ಬಿಡುವುದೋ ನಿನಗೆ ಸೇರಿದ್ದು. ಇಷ್ಟೇ ಇದೆ ಅದರಲ್ಲಿ: ನಲವತ್ತೊಂದನೇ ಪುಟದ ಗಂಡ ಕಲ್ಪನೆಯವನಲ್ಲ, ನಾನು. ಆ ಪುಟದಿಂದ ಯಾರಿಗಾದರೂ ನೋವಾಗುವುದಿದ್ದರೆ ಅದು ನನಗೊಬ್ಬನಿಗೆ. ನಾನು ಬದುಕಿದ್ದೇನೆ, ನನ್ನ ಹೆಸರು, ವಿಳಾಸ ಕೆಳಗಿದೆ, ಆ ಪುಟ ಹಾಗೇ ಇರಲಿ ಎಂದು ಕೇಳಿಕೊಳ್ಳುತ್ತೇನೆ.